ಫೋನಿನಲ್ಲಿ ಅತ್ತೆ ಹೇಳಿದ ಒಂದೇ ಮಾತು

ಅತ್ತೇ,

ಅಲ್ಲಿ ಕ್ಷೇಮವಾ ಅಂತೆಲ್ಲ ಕೇಳುವುದಿಲ್ಲ. ನೀವು ಇದ್ದಾಗ ನಾಲ್ಕು ತಿಂಗಳು ಒಂದು ಮಾತು ಕೇಳದವಳು ಈಗ ಕೇಳಿದರೆ ನೀವೇ ನಗುತ್ತೀರಿ. ನನಗೆ ಸಿಟ್ಟು ಬಂದಿದೆ, ಬಂದು ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ. ಯಾರ ಮೇಲೆ ಅಂದರೆ ಪಟ್ಟಿ ಉದ್ದ ಇದೆ. ಆಸ್ಪತ್ರೆಯವರ ಮೇಲೆ, ನಿಮ್ಮ ಮಗನ ಮೇಲೆ, ನನಗೆ ಕನ್ನಡ ಕಲಿಸಿದ ಮಾಸ್ಟ್ರ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ನಿಮ್ಮ ಮೇಲೂ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರಿಗೆ ಏನು ಗೊತ್ತು?

ಹಾಲಾಡಿ ಪೇಟೆಯಲ್ಲಿ ನಾವು ಮೊದಲು ಜಗಳ ಆಡಿದ್ದು ನೆನಪಿದೆಯಾ? ನೀವು ಗಂಗೊಳ್ಳಿಯಿಂದ ಮೀನಿನ ಬುಟ್ಟಿ ಹಿಡಿದು ಬಸ್ಸಿನಲ್ಲಿ ಬಂದು ಸರ್ಕಲ್ ಹತ್ತಿರ ಕೂರುತ್ತಿದ್ದಿರಿ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ನಿನ್ನೆಯ ಮೀನು ಅಂದೆ. "ನಿನ್ನೆದಾ? ಹ್ವಾಯ್, ಅದ್ರ ಕಣ್ಣ್ ಕಾಣ್! ನಿನ್ ಕಣ್ಣಿಗಿಂತ ಚಂದ ಇತ್ತ್!" ಅಂತ ಇಡೀ ಪೇಟೆ ತಿರುಗಿ ನೋಡುವಂತೆ ಕೂಗಿದಿರಿ. ಒಂದು ಮೀನಿಗೆ ಅರ್ಧ ಗಂಟೆ ವಾದ. ಮುಂದಿನ ತಿಂಗಳು ನಮ್ಮ ಮನೆಗೆ ಹೆಣ್ಣು ಕೇಳಲು ಬಂದವರು ನೀವೇ. "ಈ ಹೆಣ್ಣಿಗೆ ಬಾಯಿ ಇತ್ತ್, ನಮ್ಮನಿಗೆ ಆತ್ತ್" ಅಂದಿರಂತೆ. ಬಾಯಿ ಇದ್ದ ಸೊಸೆ ಬೇಕು ಅಂತ ಹುಡುಕಿ ತಂದವರು ನೀವು. ಅದೇ ಬಾಯಿ ಕಡೆಗೆ ನಿಮ್ಮ ಮೇಲೆಯೇ ಬಿತ್ತು.

ಶ್ರಾವ್ಯಳ ಒಸಡಿನಲ್ಲಿ ರಕ್ತ ಕಂಡದ್ದೂ ಮೊದಲು ನಿಮಗೇ. ಅವಳಿಗೆ ಆರು ವರ್ಷ, ಹಲ್ಲು ಬೀಳುವ ವಯಸ್ಸು, ನಾನು ಅದೇ ಇರಬೇಕು ಅಂದುಕೊಂಡಿದ್ದೆ. ನೀವು ಅವಳ ಕಾಲು ತೋರಿಸಿದಿರಿ. ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ಅಲ್ಲಲ್ಲಿ ನೀಲಿ ಕಲೆ. ಕುಂದಾಪುರದ ಡಾಕ್ಟರು ರಕ್ತದ ರಿಪೋರ್ಟ್ ನೋಡಿದ ಮೇಲೆ ನಮ್ಮ ಮುಖ ನೋಡಲಿಲ್ಲ. ಚೀಟಿ ಬರೆದು, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಅಲ್ಲಿ ಮೂರು ದಿನ ಎಲ್ಲರೂ ಮಾತಾಡಿದರು, ಯಾರೂ ಏನೂ ಹೇಳಲಿಲ್ಲ. ಕೌಂಟ್ ಅಂದರು, ಮ್ಯಾರೋ ಅಂದರು, ಪ್ರೋಟೋಕಾಲ್ ಅಂದರು. ದೊಡ್ಡ ಡಾಕ್ಟರು ನಿಮ್ಮ ಮಗನನ್ನು ಮಾತ್ರ ಹೊರಗೆ ಕರೆದು, "ತಾಯಿಗೆ ಈಗಲೇ ಹೇಳಬೇಡಿ, ಅತ್ತು ಮಗುವನ್ನು ಹೆದರಿಸುತ್ತಾರೆ" ಅಂದರಂತೆ. ಇವರು ತಲೆಯಾಡಿಸಿ ಬಂದರು. ಕಡಲಿನಲ್ಲಿ ಯಾವ ಗಾಳಿಗೂ ಹೆದರದ ಮನುಷ್ಯ, ಹೆಂಡತಿಯ ಮುಖ ನೋಡಲಾಗದೆ ಗೋಡೆ ನೋಡಿಕೊಂಡು, "ರಕ್ತ ಕಮ್ಮಿ ಅಂಬ್ರ್, ಅಷ್ಟೇ" ಅಂದರು. ನನ್ನ ಮಗಳ ಕಾಯಿಲೆಯ ಹೆಸರು ಹೆತ್ತ ನನಗೇ ಗೊತ್ತಿರಲಿಲ್ಲ. ಅಳುವುದು ಅಷ್ಟು ದೊಡ್ಡ ಅಪರಾಧವಾ ಅತ್ತೆ?

ಮೂರನೆಯ ದಿನ ಡಾಕ್ಟರು ಸುತ್ತು ಬಂದಾಗ ನೀವು ಅವರ ದಾರಿಗೆ ಅಡ್ಡ ನಿಂತಿರಿ. ಅವರ ಹಿಂದೆ ಬಿಳಿ ಕೋಟಿನ ಏಳೆಂಟು ಹುಡುಗ ಹುಡುಗಿಯರು. ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿದಿರಿ, ಬುಟ್ಟಿ ಎತ್ತುವ ಮೊದಲು ಸಿಕ್ಕಿಸುತ್ತಿದ್ದ ಹಾಗೇ. "ಡಾಕ್ಟ್ರೇ, ನಂಗ್ ಇಂಗ್ಲೀಷ್ ಬತ್ತಿಲ್ಲೆ. ಇದ್ ಕ್ಯಾನ್ಸರಾ? ಹೌದಾ ಅಲ್ದಾ, ಒಂದ್ ಮಾತ್ ಹೇಳಿ." ಅವರು ಕನ್ನಡಕ ತೆಗೆದು, "ಹೌದಮ್ಮ, ರಕ್ತದ ಕ್ಯಾನ್ಸರ್. ಆದರೆ ಮಕ್ಕಳಲ್ಲಿ ಗುಣವಾಗುವಂಥದ್ದು. ಚಿಕಿತ್ಸೆ ಎರಡು ವರ್ಷಕ್ಕಿಂತ ಹೆಚ್ಚು, ನಡುವೆ ಬಿಡಬಾರದು" ಅಂದರು. "ಇಷ್ಟ್ ಹೇಳುಕೆ ಮೂರ್ ದಿನ ಬೇಕಾಯ್ತಾ ನಿಮ್ಗೆ?" ಅಂದಿರಿ. ನಾನು ಅಳಲಿಲ್ಲ, ನಿಮ್ಮ ಕೈ ಹಿಡಿದುಕೊಂಡೆ. ಆ ಕೈಯಲ್ಲಿ ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ ಇತ್ತು.

ಮಗಳಿಗೆ ಹೇಳಿದ್ದೂ ನೀವೇ. ನಮ್ಮ ಕೇರಿಯವರಿಗೆ ಆ ಹೆಸರು ಬಾಯಲ್ಲಿ ಬರಲೇ ಇಲ್ಲ. 'ಆ ಸೀಕ್' ಅನ್ನುತ್ತಿದ್ದರು, ದನಿ ತಗ್ಗಿಸಿ, ಹೆಸರು ಹೇಳಿದರೆ ಅವರ ಮನೆಗೂ ನಡೆದು ಬರುತ್ತದೆಯೇನೋ ಅನ್ನುವ ಹಾಗೆ. ಶ್ರಾವ್ಯ ಎಲ್ಲರ ಮುಖ ನೋಡಿ ನೋಡಿ, ಒಂದು ದಿನ ನೀವು ಹಿತ್ತಲಲ್ಲಿ ಮೀನು ಹೆಚ್ಚುತ್ತಿದ್ದಾಗ, "ಅಜ್ಜಿ, ನಂಗ್ ಎಂತ ಆಯ್ತ್?" ಅಂತ ಕೇಳಿದಳು. ನೀವು ಕತ್ತಿ ಕೆಳಗಿಟ್ಟಿರಿ. "ನಿನ್ ರಕ್ತದಗೆ ಬ್ಯಾಡದ್ದ್ ಹುಟ್ಟಿತ್ ಮಗಾ. ಅದಕ್ಕೆ ಕ್ಯಾನ್ಸರ್ ಅಂಬುದ್. ಮದ್ದ್ ಅದನ್ನ ತೆಗಿತ್ತ್. ಕೂದ್ಲೂ ಹೋತ್ತ್. ಕೂದ್ಲ್ ಮತ್ತೆ ಬತ್ತ್." ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಾನು ಉರಿದು ಹೋದೆ. ಆರು ವರ್ಷದ ಮಗುವಿಗೆ ಇದನ್ನೆಲ್ಲ ಹೇಳುತ್ತಾರಾ ಅಂತ ಹಾರಾಡಿದೆ. "ಅದ್ರ ಮೈ ಅಲ್ದಾ? ಅದಕ್ಕೇ ಗೊತ್ತಿಲ್ದಿದ್ರೆ ಹ್ಯಾಂಗೆ?" ಅಂದಿರಿ. ಮೂರು ದಿನ ಹೆಸರು ಗೊತ್ತಿಲ್ಲದೆ ಒದ್ದಾಡಿದವಳು ನಾನು, ಆದರೂ ಆಗ ನನಗೆ ಅರ್ಥವಾಗಲಿಲ್ಲ. ಅವತ್ತಿನಿಂದ ಶ್ರಾವ್ಯ ಸೂಜಿಗೆ ಅತ್ತಳು, ಆದರೆ ಹೆದರಿ ಅಳಲಿಲ್ಲ.

ಮೊದಲ ಸುತ್ತಿನ ಮದ್ದು ಮುಗಿಸಿ ಮನೆಗೆ ಕಳಿಸಿದ ದಿನ ನೆನಪಾದರೆ ಈಗಲೂ ಹಲ್ಲು ಕಚ್ಚುತ್ತೇನೆ. ಒಬ್ಬ ಚಿಕ್ಕ ಡಾಕ್ಟರು ಬಾಗಿಲಲ್ಲೇ ನಿಂತು, ಒಂದು ಕಾಲು ಹೊರಗಿಟ್ಟುಕೊಂಡು ಹೇಳಿದರು: "ಕೌಂಟ್ ಡೌನ್ ಇರುತ್ತೆ, ಫೀವರ್ ಬರಬಹುದು, ಬಂದರೆ ಇನ್ಫಾರ್ಮ್ ಮಾಡಿ. ಅರ್ಥ ಆಯ್ತಾ?" ಬರಬಹುದು ಅಂದರೆ ಏನು ಅತ್ತೆ? ಮಳೆ ಬರಬಹುದು, ನೆಂಟರು ಬರಬಹುದು, ಬಂದರೆ ಬರಲಿ. ಮದ್ದಿನಿಂದ ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ, ಜ್ವರ ಕಂಡ ಕೂಡಲೇ ಉಟ್ಟ ಬಟ್ಟೆಯಲ್ಲಿ ಹೊರಡಬೇಕು, ತಡಮಾಡಿದರೆ ಮಗು ಉಳಿಯುವುದಿಲ್ಲ ಅಂತ ಬಿಡಿಸಿ ಹೇಳಲು ಅವರಿಗೆ ಎಷ್ಟು ಹೊತ್ತು ಬೇಕಿತ್ತು? ನಾನಾದರೂ ಏನು ಮಾಡಿದೆ? ಹಾಲಾಡಿ ಪೇಟೆಯಲ್ಲಿ ಒಂದು ಬಂಗುಡೆಗೆ ಅರ್ಧ ಗಂಟೆ ವಾದ ಮಾಡಿದವಳು, ಬಿಳಿ ಕೋಟಿನ ಎದುರು ನಿಂತು "ಅಡ್ಡಿಲ್ಲ" ಅಂದೆ. ಅರ್ಥ ಆಗದಿದ್ದರೂ ಅಡ್ಡಿಲ್ಲ, ಹೆದರಿಕೆಯಾದರೂ ಅಡ್ಡಿಲ್ಲ. ನಮ್ಮ ಊರಿನವರಿಗೆ ಹುಟ್ಟಿನಿಂದ ಬಂದ ಮಾತು ಅದು.

ಇನ್ನು ಆ ಮಂಗಳವಾರ. ಚಿಕಿತ್ಸೆಯ ಕಾರ್ಡಿಗೆ ಒಂದು ಸೀಲು ಬೇಕಿತ್ತು, ಮಗಳು ಏಳುವ ಮೊದಲೇ ನಾನು ಕುಂದಾಪುರದ ಬಸ್ಸು ಹತ್ತಿದ್ದೆ. ಇವರು ಬೋಟಿನಲ್ಲಿ, ಸಿಗ್ನಲ್ ಸಿಗದಷ್ಟು ದೂರ. ಮಂಗಳವಾರ ಹನ್ನೊಂದಕ್ಕೆ ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿ ಮಗುವನ್ನು ವಿಚಾರಿಸುವ ಕ್ರಮ ಇತ್ತಲ್ಲ, ಹಾಗಾಗಿ ನನ್ನ ಫೋನು ನಿಮ್ಮ ಕೈಗೆ ಕೊಟ್ಟು ಹೋದೆ. ಸಂಜೆ ನಾಲ್ಕಕ್ಕೆ ಬಂದರೆ ಶ್ರಾವ್ಯಳ ಮೈ ಕೆಂಡ. ನೀವು ಒದ್ದೆ ಬಟ್ಟೆ ಹಿಂಡುತ್ತ ಕೂತಿದ್ದಿರಿ.

"ಬೆಳಿಗ್ಗಿಂದ ಹಿಂಗೇ ಇತ್ತ್ ಹೆಣೆ. ಫೋನ್ ಬಂದಿತ್. ಜ್ವರದ್ದ್ ಕೇಳ್ರ್, ನಾನ್ ಹೇಳ್ದೆ."

"ಆಸ್ಪತ್ರೆಗೆ ಬಪ್ಪುಕ್ ಹೇಳ್ಲಿಲ್ಯಾ?"

"ಇಲ್ಲೆ. ಒಳ್ಳೇದಾಯ್ತ್ ಅಜ್ಜಿ, ಮದ್ದ್ ತಪ್ಪಿಸ್ಬೇಡಿ, ಮತ್ತೆ ಮುಂದಿನ ವಾರ ಮಾಡ್ತೆ ಅಂದ್ರ್."

ನನಗೂ ಸಮಾಧಾನವಾಯಿತು ನೋಡಿ! ಗೊತ್ತಿದ್ದವರಿಗೆ ಗೊತ್ತಾಗಿದೆ, ಅವರೇ ಒಳ್ಳೆಯದಾಯಿತು ಅಂದಿದ್ದಾರೆ, ಹಾಗಾದರೆ ಇದು ಬರಬಹುದು ಅಂದಿದ್ದರಲ್ಲ, ಅದೇ ಜ್ವರ. ಒಮ್ಮೆ ಫೋನ್ ಮಾಡಬಹುದಿತ್ತು. ಹೇಳಿದ್ದನ್ನೇ ಮತ್ತೆ ಕೇಳಿದರೆ ಸಿಡುಕುತ್ತಾರೆ ಅಂತ ಸುಮ್ಮನಾದೆ. ಗಂಜಿ ಕುಡಿಸಿ ಮಲಗಿಸಿದೆವು. ಬೆಳಕು ಹರಿಯುವಾಗ ಶ್ರಾವ್ಯ ಕಣ್ಣು ಬಿಟ್ಟಿದ್ದಳು, ಆದರೆ ನನ್ನನ್ನು ಗುರುತಿಸಲಿಲ್ಲ.

ಐಸಿಯು ಬಾಗಿಲಲ್ಲಿ ಡಾಕ್ಟರು ನನ್ನ ಮೇಲೆ ರೇಗಿದ್ದು ನೀವೂ ಕೇಳಿದ್ದೀರಿ. ಜ್ವರ ಬಂದು ಒಂದು ದಿನ ಮನೆಯಲ್ಲಿ ಇಟ್ಟುಕೊಂಡಿರಲ್ಲ, ನಿಮಗೇನು ಬುದ್ಧಿ ಇಲ್ಲವಾ ಅಂದರು. ನಾವು ತಿಳಿಸಿದ್ದೇವೆ ಅಂದೆ. ಅವರು ಒಳಗೆ ಹೋಗಿ ಏನೋ ನೋಡಿಕೊಂಡು ಬಂದು, "ಮನೆಯವರೇ ಜ್ವರ ಬಿಟ್ಟಿದೆ ಅಂದಿದ್ದಾರೆ, ನಾವೇನು ಮಾಡೋಣ?" ಅಂದರು. ನಾನು ನಿಮ್ಮ ಕಡೆ ತಿರುಗಿದೆ. ಅಲ್ಲಿ ಎಷ್ಟು ಜನ ಇದ್ದರು, ಹೆತ್ತವರು, ಸಿಸ್ಟರುಗಳು, ನೆಲ ಒರೆಸುವವರು. ಅವರೆಲ್ಲರ ಎದುರು ಅಂದೆ: "ನಿಮ್ ಬಾಯಿಗೆ ಮಣ್ಣ್ ಬೀಳ! ನಿಮ್ ಒಂದ್ ಮಾತಿಂದ ನನ್ ಹೆಣ್ಣ್ ಹೋತ್ತ್!"

"ನಾನ್ ಸಮ ಹೇಳಿದ್ದೆ ಹೆಣೆ" ಅಂದಿರಿ ನೀವು. "ಇತ್ತ್ ಅಂದೇ ಹೇಳ್ದೆ."

"ಸುಳ್ಳ್!" ಅಂದೆ. ನೀವು ಮತ್ತೆ ಬಾಯಿ ತೆರೆಯಲಿಲ್ಲ.

ಹನ್ನೊಂದು ದಿನದ ಮೇಲೆ ಶ್ರಾವ್ಯ ಐಸಿಯುನಿಂದ ಹೊರಗೆ ಬಂದಳು. ಬಂದವಳು ಮೊದಲು ಕೇಳಿದ್ದು ಅಜ್ಜಿ ಎಲ್ಲಿ ಅಂತ. ಮಗು ಬದುಕಿತಲ್ಲ, ಇನ್ನಾದರೂ ಸಿಟ್ಟು ಬಿಡು ಅಂದರು ನಿಮ್ಮ ಮಗ. ಬಿಡಲಿಲ್ಲ. ನಾಲ್ಕು ತಿಂಗಳು ಒಂದೇ ಸೂರಿನಡಿ ಇದ್ದೆವು, ಅನ್ನ ಬಡಿಸಿದೆ, ಬಟ್ಟೆ ಒಗೆದು ಹಾಕಿದೆ, ಮಾತಾಡಲಿಲ್ಲ. ಫೋನು ರಿಂಗಾದರೆ ನೀವು ಎದ್ದು ಅಂಗಳಕ್ಕೆ ಹೋಗುತ್ತಿದ್ದಿರಿ. ನಾನು ಅದನ್ನು ನೋಡಿ, ಹೋಗಲಿ, ಬುದ್ಧಿ ಬಂತು ಅಂದುಕೊಳ್ಳುತ್ತಿದ್ದೆ. ಈಗ ಹೇಳಿ, ಯಾಕೆ ಜಗಳ ಆಡಲಿಲ್ಲ ನೀವು? ದೊಡ್ಡ ಡಾಕ್ಟರನ್ನು ಅಡ್ಡ ಹಾಕಿದವರು, ಬಂದರಿನ ಹರಾಜಿನಲ್ಲಿ ಗಂಡಸರ ಬಾಯಿ ಮುಚ್ಚಿಸಿದವರು, ನನ್ನ ಕೆನ್ನೆಗೊಂದು ಬಾರಿಸಿ, 'ನಾನು ಹೇಳಿದ್ದು ಹೀಗೆ, ಅವರು ಬರೆದದ್ದು ಹೇಗೆ, ಹೋಗಿ ನೋಡಿಕೊಂಡು ಬಾ' ಅನ್ನಬಾರದಿತ್ತಾ? ಎರಡು ಸಲ ಸಮ ಹೇಳಿದ್ದೆ ಅನ್ನಬಾರದಿತ್ತಾ? ಬಹುಶಃ ನಿಮಗೇ ಅನುಮಾನ ಬಂದಿತ್ತೇನೋ, ಬಾಯಿ ತಪ್ಪಿ ಏನಾದರೂ ಅಂದೆನೋ ಅಂತ... ಅದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಹಿತ್ತಲಲ್ಲಿ ಬೂತಾಯಿ ಹೆಚ್ಚುತ್ತ ಕೂತಲ್ಲೇ ನೀವು ಒರಗಿದ್ದನ್ನು ಮೊದಲು ಕಂಡವಳು ನಾನು. ಹಾರ್ಟು ಅಂದರು. ಅರ್ಧ ಹೆಚ್ಚಿದ ಮೀನು ಹಾಗೇ ಇತ್ತು, ಸೊಳ್ಳೆ ನೊಣ ಬಾರದಂತೆ ಮುಚ್ಚಿಟ್ಟದ್ದೂ ನಾನೇ. ಅವತ್ತು ಅಳು ಬರಲಿಲ್ಲ. ಬಂದದ್ದು ನಿಮ್ಮ ಉತ್ತರಕ್ರಿಯೆಯ ಬೊಜ್ಜ ಕಳೆದು ಎರಡು ತಿಂಗಳಾದ ಮೇಲೆ, ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ.

ಅವತ್ತು ಶ್ರಾವ್ಯಳ ದಪ್ಪ ಫೈಲನ್ನು ನನ್ನ ಕೈಗೆ ಕೊಟ್ಟು, ಮೇಲಿನ ಕೌಂಟರಿಗೆ ಕೊಡಿ ಅಂದರು. ಮೆಟ್ಟಿಲ ಮೇಲೆ ಕೂತು ಹಾಳೆ ತಿರುವಿದೆ. ಎಲ್ಲ ಇಂಗ್ಲಿಷು, ಅಂಕೆಗಳು. ನಡುವೆ ಫೋನ್ ಮಾಡಿದ್ದರ ಒಂದು ಹಾಳೆ, ಆ ಮಂಗಳವಾರದ್ದು. ಮಾತಾಡಿದವರು: ಅಜ್ಜಿ. ಅದರ ಕೆಳಗೆ ದುಂಡಗಿನ ಕನ್ನಡ ಅಕ್ಷರದಲ್ಲಿ, ನೀವು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದರು. 'ಬೆಳಿಗ್ಗಿಂದ ಜ್ವರ ಇತ್ತು.' ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಈಗ ಜ್ವರ ಇಲ್ಲ ಅಂತ.

ಒಂದು 'ಉ' ಅಷ್ಟೇ ಅತ್ತೆ. ನೀವು ಇತ್ತ್ ಅಂದಿರಿ. ಕುಂದಾಪುರದ ಬಾಯಲ್ಲಿ ಇತ್ತ್ ಅಂದರೆ ಈಗ ಇದೆ ಅಂತ, ಹೆಣ್ಣುಮಕ್ಕಳಿಗಾದರೆ ಈಗ ಇದ್ದಾಳೆ ಅಂತ. ಫೋನ್ ಮಾಡಿದ ಸಿಸ್ಟರ್ ಇತ್ತು ಅಂತ ಕೇಳಿಸಿಕೊಂಡಳು. ಪುಸ್ತಕದ ಕನ್ನಡದಲ್ಲಿ ಇತ್ತು ಅಂದರೆ ಮೊದಲು ಇತ್ತು, ಈಗ ಇಲ್ಲ ಅಂತ. ಅದಕ್ಕೇ ಒಳ್ಳೆಯದಾಯಿತು ಅಜ್ಜಿ ಅಂದದ್ದು.

ಇದು ನನಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಮೂರನೆಯ ಕ್ಲಾಸಿನಲ್ಲಿ ಪ್ರಬಂಧ ಬರೆಯುವಾಗ, 'ನಮ್ಮ ಮನೆಯಲ್ಲಿ ಒಂದು ದನ ಇತ್ತು' ಅಂತ ಬರೆದಿದ್ದೆ. ಮಾಸ್ಟ್ರು ಎಬ್ಬಿಸಿ ನಿಲ್ಲಿಸಿ, "ಇತ್ತಾ? ಈಗ ಎಲ್ಲಿಗೆ ಹೋಯಿತು ದನ? ಸತ್ತು ಹೋಯಿತಾ?" ಅಂದರು. ಇಡೀ ಕ್ಲಾಸು ನಕ್ಕಿತು. ಮನೆಗೆ ಹೋಗಿ ಕೊಟ್ಟಿಗೆಯಲ್ಲಿ ದನವನ್ನು ನೋಡಿ ಅತ್ತಿದ್ದೆ. ಇದೆ ಅಂತ ನೂರು ಸಲ ಬರೆಸಿದರು. ಅವತ್ತಿನಿಂದ ನಾನು ಹೊರಗಿನವರ ಹತ್ತಿರ ತಪ್ಪಿಯೂ ಇತ್ತ್ ಅಂದವಳಲ್ಲ. ಐಸಿಯು ಬಾಗಿಲಲ್ಲಿ ನೀವು "ಇತ್ತ್ ಅಂದೇ ಹೇಳ್ದೆ" ಅಂತ ನನ್ನ ಮುಖಕ್ಕೇ ಹೇಳಿದಿರಿ. ಲೋಕದಲ್ಲಿ ಯಾರಿಗೆ ಅರ್ಥವಾಗದಿದ್ದರೂ ನನಗೆ ಆಗಬೇಕಿತ್ತು. ನಾನು ಸುಳ್ಳು ಅಂದೆ.

ಫೈಲು ಹಿಡಿದು ನೇರ ಆ ಸಿಸ್ಟರ್ ಹತ್ತಿರ ಹೋದೆ. ತುಮಕೂರು ಕಡೆಯ ಹುಡುಗಿ, ಸಣ್ಣ ಪ್ರಾಯ. "ಇತ್ತು ಅಂದ್ರೆ ಇತ್ತು ಅಂತ ತಾನೇ ಅಕ್ಕಾ?" ಅಂತ ಕೇಳಿದಳು. ವಿಷಯ ತಿಳಿದ ಮೇಲೆ ಬಾಯಿಗೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ಅವಳ ಮೇಲೆ ಕೂಗಲು ಹೋದವಳಿಗೆ ಕೂಗಲು ಆಗಲಿಲ್ಲ. ಕೂಗಿದ್ದು ದೊಡ್ಡ ಡಾಕ್ಟರ ಕೋಣೆಯಲ್ಲಿ. ಅವರು ಹಾಳೆ ನೋಡಿ, "ಕಮ್ಯುನಿಕೇಶನ್ ಗ್ಯಾಪ್, ಕೆಲವೊಮ್ಮೆ ಆಗುತ್ತೆ" ಅಂದರು. ಗ್ಯಾಪ್ ಅಂತೆ! "ಆ ಗ್ಯಾಪಿನಲ್ಲಿ ನನ್ನ ಮಗಳು ಹನ್ನೊಂದು ದಿನ ಮಲಗಿದ್ದಳು ಡಾಕ್ಟ್ರೇ, ನನ್ನ ಅತ್ತೆ ಅಲ್ಲೇ ಸತ್ತರು" ಅಂದೆ. ಕೇರಳದವರು ಬಂದರೆ ಮಲಯಾಳ ಬರುವವರನ್ನು ಕರೆಯುತ್ತಾರೆ, ಹಿಂದಿಯವರು ಬಂದರೆ ಹಿಂದಿಯವರನ್ನು ಕರೆಯುತ್ತಾರೆ. ನಮಗೆ ಯಾರನ್ನೂ ಕರೆಯುವುದಿಲ್ಲ, ಯಾಕೆಂದರೆ ನಾವು ಕನ್ನಡದವರೇ ಅಲ್ಲವಾ! ಅಷ್ಟು ಹೊತ್ತು ಪುಸ್ತಕದ ಕನ್ನಡದಲ್ಲೇ ಬೈದೆ. ಮಾಸ್ಟ್ರು ಕಲಿಸಿದ್ದು ಅಷ್ಟಕ್ಕಾದರೂ ಬಂತು.

ಅವರ ಮೇಜಿನ ಮೇಲಿದ್ದ ಹಾಳೆಯನ್ನೇ ಎಳೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದೆ. 'ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯವರು ಇತ್ತ್ ಅಂದರೆ ಈಗ ಇದೆ ಅಂತ ಅರ್ಥ. ಈಗ ಮೈ ಮುಟ್ಟಿ ನೋಡಿ ಹೇಳಿ ಅನ್ನಿ. ಅಡ್ಡಿಲ್ಲ ಅಂದರೆ ಅರ್ಥ ಆಯಿತು ಅಂತ ಅಲ್ಲ. ಜ್ವರ ಬರಬಹುದು ಅನ್ನಬೇಡಿ, ಬಂದರೆ ಕೂಡಲೇ ಹೊರಡಿ ಅನ್ನಿ.' ಫೋನಿನ ಮೇಲಿನ ಗೋಡೆಗೆ ನಾನೇ ಅಂಟಿಸಿದೆ. ಗೋಡೆಗೆ ಬಣ್ಣ ಬಳಿಯುವಾಗ ಕಿತ್ತರು, ಮತ್ತೆ ಅಂಟಿಸಿದೆ. ಇನ್ನೊಮ್ಮೆ ಯಾರೋ ಕಿತ್ತರು, ಮತ್ತೆ ಅಂಟಿಸಿದೆ. ಈಗ ಅದಕ್ಕೆ ಪ್ಲಾಸ್ಟಿಕ್ಕು ಹಾಕಿಸಿದ್ದಾರೆ. ಊರು ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದ ಹಾಗಾಯಿತು ಅನ್ನುತ್ತೀರಾ? ಅನ್ನಿ. ಮುಂದಿನವರ ಮನೆಗಾದರೂ ಬಾಗಿಲು ಬೇಡವಾ?

ಇಷ್ಟು ದಿನ ಬಿಟ್ಟು ಈಗ ಯಾಕೆ ಬರೆದೆ ಅಂದರೆ, ಕಳೆದ ಮಂಗಳವಾರ ಶಾಲೆಗೆ ರಜೆ, ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಫೋನು ರಿಂಗಾಯಿತು. ಶ್ರಾವ್ಯ ತೆಗೆದು ಸ್ಪೀಕರಿಗೆ ಹಾಕಿದಳು. ಆಸ್ಪತ್ರೆಯಿಂದ ಯಾರೋ ಹೊಸ ಸಿಸ್ಟರ್.

"ಶ್ರಾವ್ಯ ಇದ್ದಾಳಾ ಪುಟ್ಟಾ?"

"ಇತ್ತ್."

"ಇತ್ತಾ? ಈಗ ಎಲ್ಲಿಗೆ ಹೋದಳು?"

"ಹ್ವಾಯ್, ಹೋಪುದ್ ಎಲ್ಲಿಗೆ? ಇತ್ತ್ ಅಂದ್ರೆ ಇತ್ತ್! ಮಾತಾಡುದ್ ನಾನೇ! ನಿಮ್ ಗೋಡೆ ಮೇಲೆ ಬರ್ದದ್ದ್ ಕಾಣಿ!"

ಬಕೆಟ್ಟು ಅಲ್ಲೇ ಬಿಟ್ಟು ಕೂತುಬಿಟ್ಟೆ. ನೀವೇ ಒಳಗಿದ್ದೀರಿ ಅನ್ನಿಸಿತು, ಅದೇ ದನಿ, ಅದೇ ಸೊಕ್ಕು. ಶ್ರಾವ್ಯ ಹೊರಗೆ ಬಂದು, ಎಂತಕ್ಕೆ ಅಳುವುದು ಅಂತ ಕೇಳಿದಳು. ಅವಳಿಂದ ಇನ್ನು ಏನನ್ನೂ ಮುಚ್ಚಿಡುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ, ನಿಮ್ಮಿಂದ ಕಲಿತದ್ದು ಅದೊಂದನ್ನಾದರೂ ನಡೆಸಬೇಕಲ್ಲ. ಎಲ್ಲ ಹೇಳಿದೆ. ಫೋನು, ಹಾಳೆ, ಆ ಬಾಗಿಲು, ಅಲ್ಲಿ ನಾನು ಅಂದದ್ದು, ನೀವು ಸುಮ್ಮನಾದದ್ದು. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಅಜ್ಜಿ ಹತ್ರ ತಪ್ಪಾಯ್ತ್ ಅಂದ್ಯಾ?"

"ಇಲ್ಲೆ ಮಗಾ. ಹೇಳುವತಿಗೆ ಅಜ್ಜಿ ಇರ್ಲಿಲ್ಲೆ."

"ಹಂಗಾರೆ ಬರಿ. ನೀನ್ ಬರಿತ್ಯಲ್ಲ, ಗೋಡೆಗೆಲ್ಲ."

ಅದಕ್ಕೇ ಬರೆದೆ. ತಪ್ಪಾಯಿತು ಅತ್ತೆ. ನೀವು ಸಮ ಹೇಳಿದ್ದಿರಿ, ಕೇಳಿಸಿಕೊಳ್ಳಲು ಬಾರದವರು ನಾವು. ಹೋದ ತಿಂಗಳು ಚಿಕಿತ್ಸೆ ಮುಗಿದು ಮದ್ದು ಪೂರ್ತಿ ನಿಲ್ಲಿಸಿದರು. ಈಗ ಅವಳು ಮೂರನೆಯ ಕ್ಲಾಸು. ಕೂದಲು ಮತ್ತೆ ಬಂದಿದೆ, ನೀವು ಹೇಳಿದ ಹಾಗೇ, ಎಣ್ಣೆ ಹಚ್ಚಲು ಕೂತರೆ ಕೈಗೆ ಸಿಗುವುದಿಲ್ಲ. ಹೋದ ವಾರ ಪ್ರಬಂಧ ಬರೆದಿದ್ದಳು. 'ನಮ್ಮ ಮನೆಯಲ್ಲಿ ಅಜ್ಜಿ ಇತ್ತ್' ಅಂತ ಬರೆದದ್ದಕ್ಕೆ ಟೀಚರು ಕೆಂಪು ಗೆರೆ ಎಳೆದಿದ್ದಾರೆ. ನಾಳೆ ಶಾಲೆಗೆ ಹೋಗಿ ಅವರ ಹತ್ತಿರ ಮಾತಾಡುತ್ತೇನೆ. ಅಡ್ಡಿಲ್ಲ ಅನ್ನದೆ ಮಾತಾಡುತ್ತೇನೆ.

ಹೆಣ್ಣ್ ಇತ್ತ್ ಅತ್ತೆ.